ಕಸದ ಬುಟ್ಟಿಯಲ್ಲಿ ಕೊಕ್ಕರೆ

ಸಮುದ್ರದ ತಳದಲ್ಲಿ ಮೂವತ್ತು ವರ್ಷ ಬಿದ್ದಿದ್ದ ಹಾರ್ಡ್ ಡಿಸ್ಕೊಂದನ್ನು ಡಿಸ್ಕ್ ಡಾಕ್ಟರು ಒಮ್ಮೆ ಕಿವಿಗೆ ಹಿಡಿದು, ಮೆಲ್ಲಗೆ ಅಲುಗಾಡಿಸಿ, ಅದರೊಳಗಿದ್ದ ಮದುವೆಯ ಫೋಟೋಗಳನ್ನು ಎಣಿಸಿದ್ದರು. ಎಣಿಸಿದ್ದಷ್ಟೇ ಅಲ್ಲ, ಮದುಮಗ ಯಾವ ಯಾವ ಫೋಟೋದಲ್ಲಿ ಕಣ್ಣು ಮುಚ್ಚಿದ್ದಾನೆ ಎಂದೂ ಹೇಳಿಬಿಟ್ಟಿದ್ದರು. ಡಿಸ್ಕಿನೊಳಗೆ ಸಂಸಾರ ಹೂಡಿದ್ದ ಮೀನೊಂದು ಅವರ ಪಾಂಡಿತ್ಯಕ್ಕೆ ಬೆರಗಾಗಿ ತಾನಾಗಿಯೇ ಮನೆ ಖಾಲಿ ಮಾಡಿಕೊಂಡು ಹೊರಗೆ ಬಂದಿತ್ತು.

ಇದನ್ನು ಡಾಕ್ಟರು ಹೇಳುತ್ತಿದ್ದದ್ದು ಕಸೂತಿ ಕಾರ್ಖಾನೆಯ ಮಷೀನು ಕೋಣೆಯಲ್ಲಿ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಬಾಯಲ್ಲಿ ಎರಡು ಸ್ಕ್ರೂ ಕಚ್ಚಿಕೊಂಡು. ಮುಂದೆ ಹೊಟ್ಟೆ ಬಿಚ್ಚಿಕೊಂಡ ಹಳೇ ಕಂಪ್ಯೂಟರು.

"ಹೋದ ಸಲ ಹೇಳಿದಾಗ ಮೀನು ಇರ್ಲಿಲ್ಲ," ಎಂದಳು ಪಕ್ಕದಲ್ಲಿ ಟಾರ್ಚು ಹಿಡಿದು ನಿಂತಿದ್ದ ಹೆಂಡತಿ.

"ಹೋದ ಸಲ ಮೀನಿನ ಮಾನ ಯಾಕೆ ಕಳೀಬೇಕು ಅಂತ ಸುಮ್ಮನಿದ್ದೆ ಕಣೇ."

"ಟಾರ್ಚು ಹಿಡಿಯೋಕೆ ನಾನು ಬಂದಿಲ್ಲ ಅಮ್ಮಾ," ಎಂದು ಹೆಂಡತಿ ಕಾರ್ಖಾನೆಯ ಒಡತಿಯ ಕಡೆ ತಿರುಗಿದಳು. "ಇವರು ಹೇಳಿದ್ರಲ್ಲಿ ಎಷ್ಟು ಸೋಸಿ ತಗೋಬೇಕು ಅಂತ ಹೇಳೋಕೆ ಬಂದಿದ್ದೀನಿ. ಹತ್ತು ಅಂದ್ರೆ ಒಂದು ಅಂತ ಇಟ್ಕೊಳ್ಳಿ."

ಒಡತಿ ನಗಲಿಲ್ಲ. ಎಲ್ಲರೂ ಅಮ್ಮ ಎಂದೇ ಕರೆಯುವ ಆಕೆ ಎತ್ತರದ ಸ್ಟೂಲಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಕತ್ತರಿಸುವ ಮೇಜಿನ ಮೇಲೆ, ಎಲ್ಲರ ಕಣ್ಣಿಗೂ ಬೀಳುವ ಹಾಗೆ, ಈ ಕೋಣೆಯ ಬೀಗದ ಕೈ ಇತ್ತು. ಬೆಳಗಿನವರೆಗೆ ಅದು ಅವರ ಸೊಸೆಯ ಸೊಂಟದಲ್ಲಿತ್ತು.

ನಾಟಕಮಂದಿರದ ಹೊಸ ಪರದೆಗಾಗಿ ಸೊಸೆ ಬರೆದಿದ್ದ ದೊಡ್ಡ ಕೊಕ್ಕರೆ, ಮಷೀನು ಅರ್ಧ ಹೊಲಿದಿರುವಾಗಲೇ ಕಂಪ್ಯೂಟರಿನಿಂದ ಮಾಯವಾಗಿತ್ತು. ಅದನ್ನು ಅಳಿಸಿದವರು ಯಾರೆಂದು ಪತ್ತೆ ಹಚ್ಚಲು ಡಾಕ್ಟರಿಗೆ ಕರೆ ಬಂದಿತ್ತು.

"ಅಳಿಸಿದವರು ಯಾರು, ಅಷ್ಟು ಹೇಳು ಸಾಕು," ಎಂದರು ಅಮ್ಮ. "ಈ ಕಾರ್ಖಾನೆಯಿಂದ ಒಂದು ಎಳೆ ದಾರ ಇವತ್ತಿನವರೆಗೂ ಕಳೆದುಹೋಗಿಲ್ಲ. ಈ ಕೈ ಹಾಕಿದ ಹೊಲಿಗೆ ಬಿಚ್ಚೋರು ಇನ್ನೂ ಹುಟ್ಟಿಲ್ಲ. ಆ ಹೆಸರಿಗೆ ಮಸಿ ಬಳಿದವರ ಸೊಂಟಕ್ಕೆ ಈ ಬೀಗದ ಕೈ ಇನ್ನು ಹೋಗಲ್ಲ. ಅಳಿಯಂದಿರು ನೋಡ್ಕೋತಾರೆ."

ಅಳಿಯ ಬಾಗಿಲಿಗೆ ಒರಗಿ ನಿಂತಿದ್ದ. ಹೊರಗಿನ ವ್ಯವಹಾರ ಅವನದು. ಆರ್ಡರು ಹಿಡಿಯುವುದು, ಬಟ್ಟೆ ತಲುಪಿಸುವುದು. ಒಳಗಿನ ಮಷೀನು ಸೊಸೆಯದು. ಅವಳ ಗಂಡ, ಅಂದರೆ ಅಮ್ಮನ ಮಗ, ರೈಲು ಓಡಿಸುವವನು. ದಾರ ಕಂಡರೆ ಅವನಿಗೆ ತಲೆನೋವು. ಹಾಗಾಗಿ ಮಷೀನಿನ ಹನ್ನೆರಡು ಸೂಜಿಗಳೂ ಮದುವೆಯಾದ ಲಾಗಾಯ್ತು ಸೊಸೆಯ ಮಾತನ್ನೇ ಕೇಳುತ್ತಿದ್ದವು.

ಅವಳು ಕಿಟಕಿಯ ಹತ್ತಿರ, ಅರ್ಧ ಹೊಲಿದ ಪರದೆಯ ಪಕ್ಕ ನಿಂತಿದ್ದಳು. ಆಳೆತ್ತರದ ಪರದೆ. ಡಾಕ್ಟರ ಲೆಕ್ಕದಲ್ಲಿ ತೆಂಗಿನ ಮರದೆತ್ತರದ್ದು. ಅದರ ಮೇಲೆ ಬೂದಿಬಣ್ಣದ ಕೊಕ್ಕರೆಯ ಒಂದು ಕಾಲು, ಹೊಟ್ಟೆ, ಒಂದು ರೆಕ್ಕೆ. ಕುತ್ತಿಗೆಯಿಂದ ಮೇಲೆ ಖಾಲಿ ಬಟ್ಟೆ. ಇಷ್ಟು ವರ್ಷದಲ್ಲಿ ಅಮ್ಮ ಬರೆಯದ ಚಿತ್ರವೊಂದು ಈ ಬಾಗಿಲು ದಾಟಲಿದ್ದದ್ದು ಇದೇ ಮೊದಲು.

"ಮತ್ತೆ ಬರೆಯೋಕಾಗಲ್ವೇನಮ್ಮಾ?" ಎಂದು ಡಾಕ್ಟರ ಹೆಂಡತಿ ಮೆಲ್ಲಗೆ ಕೇಳಿದಳು.

"ಕೊಕ್ಕರೆ ಬರೀಬಹುದು ಅಕ್ಕಾ. ಈ ಕೊಕ್ಕರೆ ಬರಲ್ಲ," ಎಂದಳು ಸೊಸೆ. "ಒಂದೊಂದು ಗರಿಗೂ ಹೊಲಿಗೆ ಯಾವ ಕಡೆ ವಾಲಬೇಕು ಅಂತ ಕಂಪ್ಯೂಟರಿನ ಪರದೆಯ ಮೇಲೇ ಕೂರಿಸಿದ್ದೆ. ಕಾಗದದ ಮೇಲೆ ಗೆರೆ ಕೂಡ ಇಲ್ಲ. ಹೊಸದು ಹೊಲಿದ್ರೆ ಈ ಅರ್ಧಕ್ಕೆ ಆ ಅರ್ಧ ಕೂಡಲ್ಲ."

"ಅದಕ್ಕೇ ನಾನು ಮೊದಲಿಂದ್ಲೂ ಬಡ್ಕೋತಿದ್ದೆ," ಎಂದ ಅಳಿಯ. "ಈ ಡಬ್ಬ ಬಿಸಾಕಿ ಅತ್ತೆ, ಬಿಸಾಕಿ ಅಂತ."

"ಡಬ್ಬ ಅಂತೀರಾ?" ಡಾಕ್ಟರು ಬಾಯಿಂದ ಸ್ಕ್ರೂ ತೆಗೆದರು. ಅವರಿಗೆ ನಿಜವಾಗಿಯೂ ನೋವಾಗಿತ್ತು. "ಸ್ವಾಮಿ, ನಿಮ್ಮ ಮಷೀನಿನ ಪ್ರೋಗ್ರಾಮು ಇವತ್ತಿನ ಯಾವ ಕಂಪ್ಯೂಟರಿನಲ್ಲೂ ಓಡಲ್ಲ. ಕೈ ಮಷೀನಿನದು, ತಲೆ ಇದರದು. ಹೋದ ವಾರ ನನ್ನ ಅಂಗಡಿಗೆ ಬಂದಾಗ ಈ ತಲೆ ಹೇಗಿತ್ತು ಗೊತ್ತಾ? ಸ್ವಿಚ್ ಹಾಕಿ, ಊಟ ಮಾಡಿ, ಒಂದು ನಿದ್ದೆ ತೆಗೆದು, ಮಕ್ಕಳ ಮದುವೆ ಮಾಡಿ ಬಂದ್ರೂ ಪರದೆ ಕಪ್ಪಗೇ ಇತ್ತು."

"ನಮಗೆ ಮಕ್ಕಳಿಲ್ಲ," ಎಂದಳು ಹೆಂಡತಿ ಸೊಸೆಗೆ.

"ಮುಖ ನೋಡಿದ ಕೂಡಲೇ ನನಗೆ ಹೊಳೀತು, ಇದಕ್ಕೆ ರೋಗ ಒಳಗಿದೆ ಅಂತ. ಬೇರೆಯವರು ಫ್ಯಾನಿನ ಧೂಳು ಹೊಡೆದು ಕಳಿಸ್ತಾರೆ. ನಾನು ಡಿಸ್ಕಿನ ನಾಡಿ ಹಿಡಿದೆ!" ಡಾಕ್ಟರು ಎದ್ದು ನಿಂತರು. ಇಂಥ ಮಾತು ಕೂತು ಆಡುವಂಥದ್ದಲ್ಲ. "ಅಮ್ಮಾ, ನಿಮ್ಮ ಭಾಷೆಯಲ್ಲೇ ಹೇಳ್ತೀನಿ. ಒಂದೇ ಕೆಂಪು ದಾರ, ತುಂಡು ತುಂಡಾಗಿ ನಲವತ್ತು ರೀಲಿನಲ್ಲಿ ಸುತ್ತಿಟ್ಟಿದ್ರೆ ಏನಾಗುತ್ತೆ? ಒಂದು ಹೂವು ಹೊಲಿಯೋಕೆ ನಲವತ್ತು ಗೂಡು ತಡಕಾಡ್ಬೇಕು. ಹಳೇ ಡಿಸ್ಕಿನ ಪಾಡೂ ಅದೇ. ಒಂದು ಫೈಲಿನ ತಲೆ ಇಲ್ಲಿ, ಬಾಲ ಅಲ್ಲಿ, ಹೊಟ್ಟೆ ಮತ್ತೆಲ್ಲೋ. ನಾನು ಕಸ ಗುಡಿಸಿ, ತುಂಡುಗಳನ್ನೆಲ್ಲ ಬಿಚ್ಚಿ, ಒಂದೊಂದು ದಾರ ಒಂದೊಂದೇ ರೀಲಿಗೆ ಸುತ್ತಿಟ್ಟೆ. ಪರದೆಯ ಮೇಲೆ ಕೆಂಪು ಚೌಕಗಳು ಒಂದೊಂದಾಗಿ ನೀಲಿಯಾಗ್ತಾ ಹೋಗೋದನ್ನ ನೋಡೋಕೆ ಇಡೀ ಬೀದಿ ನನ್ನ ಅಂಗಡಿ ಮುಂದೆ ನೆರೆದಿತ್ತು!"

"ಪಕ್ಕದ ಅಂಗಡಿಯವರು ಒಬ್ಬರು ಬಂದಿದ್ರು," ಎಂದಳು ಹೆಂಡತಿ. "ಏಣಿ ಕೇಳೋಕೆ."

ಅದು ನಿಜ. ಆದರೆ ಇದೂ ನಿಜ: ಶುಚಿ ಮಾಡಿ ಕಳಿಸಿದ ಮೇಲೆ ಆ ಮುದಿ ಕಂಪ್ಯೂಟರು ಸ್ವಿಚ್ ಹಾಕಿದ ಕೂಡಲೇ ಎದ್ದು ಕೂರುತ್ತಿತ್ತು. ಅದನ್ನು ಮಾಡಿದ್ದು ಡಾಕ್ಟರೇ, ತಮ್ಮ ಕೈಯಾರೆ. ಅಷ್ಟಕ್ಕೆ ಎದೆಯುಬ್ಬಿಸಲು ಅವರಿಗೆ ಹಕ್ಕಿತ್ತು; ಉಳಿದದ್ದು ಉಪ್ಪಿನಕಾಯಿ.

ಅವರು ಡಿಸ್ಕನ್ನು ಕಂಪ್ಯೂಟರಿನ ಹೊಟ್ಟೆಯಿಂದ ಈಚೆ ಎಳೆದು, ತಮ್ಮ ಲ್ಯಾಪ್‌ಟಾಪಿಗೆ ತಂತಿಯಿಂದ ಜೋಡಿಸಿ, ಕತ್ತರಿಸುವ ಮೇಜಿನ ಮೇಲಿಟ್ಟರು. ಬೀಗದ ಕೈಯಿಂದ ಗೇಣು ದೂರ.

"ಈಗ ನೋಡಿ. ಅಳಿಸಿದ ಫೈಲು ಅಳಿಸಿ ಹೋಗಲ್ಲ. ರೀಲಿನ ಮೇಲಿನ ಹೆಸರಿನ ಚೀಟಿ ಮಾತ್ರ ಕಿತ್ತುಹೋಗಿರುತ್ತೆ. ದಾರ ಗೂಡಿನಲ್ಲೇ ಇರುತ್ತೆ. ಕಾಫಿ ತಣ್ಣಗಾಗೋದ್ರೊಳಗೆ ಕೊಕ್ಕರೆ ಕುತ್ತಿಗೆ ಹಿಡಿದು ತರ್ತೀನಿ."

"ಆ ಗೂಡಿನಲ್ಲಿ ಬೇರೆ ದಾರ ಸುತ್ತಿದ್ರೆ?" ಎಂದಳು ಸೊಸೆ.

"ಏನಂದ್ರಿ?"

"ಚೀಟಿ ಇಲ್ಲದ ರೀಲು ಖಾಲಿ ಅಂದ್ಕೊಂಡು ಅದರ ಮೇಲೆ ಬೇರೆ ದಾರ ಸುತ್ತಿಬಿಟ್ಟಿದ್ರೆ?"

ಡಾಕ್ಟರು ಕೈ ಬೀಸಿದರು. "ಅಂಥ ಅನಾಹುತ ಮಾಡೋ ಅವಿವೇಕಿ ಎಲ್ಲಿದ್ದಾನಮ್ಮಾ?"

ಹುಡುಕಾಟ ಓಡತೊಡಗಿತು. ಡಿಸ್ಕು ಮೆಲ್ಲಗೆ ಗರಗರ ಎನ್ನುತ್ತಿತ್ತು. ಕಾಯುವ ಹೊತ್ತನ್ನು ವ್ಯರ್ಥ ಮಾಡುವ ಪತ್ತೇದಾರ ಪತ್ತೇದಾರನೇ ಅಲ್ಲ. ಡಾಕ್ಟರು ಕನ್ನಡಕ ಏರಿಸಿಕೊಂಡು ಅಳಿಯನತ್ತ ಹೊರಳಿದರು.

"ನಿಮ್ಮ ಜೇಬಿನಲ್ಲಿ ಒಂದು ಪೆನ್ ಡ್ರೈವ್ ಇದೆ."

ಅಳಿಯ ಬೆಚ್ಚಿ ಜೇಬು ಮುಟ್ಟಿಕೊಂಡ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವುದು ಎಲ್ಲ ಕಾಲಕ್ಕೂ ಇದ್ದದ್ದೇ. "ಅದು ಹೇಗೆ ಗೊತ್ತಾಯ್ತು?"

"ನಿಮ್ಮ ನಡಿಗೆಯಿಂದ. ಎಡಗಡೆ ಗುಲಗಂಜಿ ತೂಕ ಹೆಚ್ಚಿಗೆ ವಾಲ್ತೀರಿ."

"ಅದರ ದಾರ ಜೇಬಿಂದ ಹೊರಗೆ ನೇತಾಡ್ತಿದೆ," ಎಂದಳು ಹೆಂಡತಿ.

ಪೆನ್ ಡ್ರೈವ್ ಮೇಜಿಗೆ ಬಂತು. ಡಾಕ್ಟರು ತೆರೆದು ನೋಡಿದರು. ಹಾಡುಗಳು. ಬರೀ ಹಾಡುಗಳು, ಅದರಲ್ಲೂ ಎಲ್ಲವೂ ವಿರಹದವು.

"ಲಾರಿಯಲ್ಲಿ ಹೋಗುವಾಗ ಕೇಳ್ತೀನಿ," ಎಂದ ಅಳಿಯ, ಕಿವಿ ಕೆಂಪಗೆ ಮಾಡಿಕೊಂಡು.

"ಇದನ್ನ ಈ ಕಂಪ್ಯೂಟರಿಗೆ ಯಾವಾಗಲಾದ್ರೂ ಚುಚ್ಚಿದ್ರಾ?"

"ಒಂದೆರಡು ಸಲ. ಆ ಕೊಕ್ಕರೆ ಚಿತ್ರ ಗಿರಾಕಿಗಳಿಗೆ ತೋರಿಸೋಣ ಅಂತ ಹುಡುಕಿದೆ. ಇನ್ನೂ ನಾಲ್ಕು ಆರ್ಡರು ಬರ್ತಿತ್ತು. ಫೈಲೇ ಕಾಣ್ಲಿಲ್ಲ. ಎಲ್ಲಿಟ್ಟಿದ್ದೀಯಮ್ಮಾ ಅಂದ್ರೆ ಈಕೆ ಬಾಯೇ ಬಿಡ್ಲಿಲ್ಲ."

ಡಾಕ್ಟರು ಸೊಸೆಯನ್ನು ನೋಡಿದರು. ಅವಳು ಅಮ್ಮನನ್ನು ನೋಡುತ್ತಿದ್ದಳು. ಅಮ್ಮ ಮೇಜಿನ ಮೇಲಿನ ಕತ್ತರಿಯನ್ನು ನೋಡುತ್ತಿದ್ದರು.

"ನೀವು, ಅಮ್ಮಾ?"

"ನಾನಾ? ನನಗೆ ಅದರ ಸ್ವಿಚ್ ಎಲ್ಲಿದೆ ಅಂತಲೂ ಗೊತ್ತಿಲ್ಲ."

ಅಷ್ಟರಲ್ಲಿ ಲ್ಯಾಪ್‌ಟಾಪು ಟಿಂಗ್ ಎಂದಿತು. ಡಾಕ್ಟರು ಗರುಡ ಹಾವಿನ ಮೇಲೆ ಎರಗಿದಂತೆ ಎರಗಿದರು.

ಮತ್ತೆ ನೆಟ್ಟಗಾಗಲು ಅವರಿಗೆ ಸ್ವಲ್ಪ ಹೊತ್ತೇ ಹಿಡಿಯಿತು.

ಕೊಕ್ಕರೆ ಇರಲಿಲ್ಲ. ಕೊಕ್ಕರೆ ಕೂತಿರಬೇಕಾಗಿದ್ದ ಜಾಗದಲ್ಲೆಲ್ಲ ಹಳೇ ಹೂವಿನ ಅಂಚುಗಳು, ಮಷೀನಿನ ಪ್ರೋಗ್ರಾಮಿನ ತುಂಡುಗಳು ಒತ್ತೊತ್ತಾಗಿ, ಇಟ್ಟಿಗೆ ಜೋಡಿಸಿದ ಹಾಗೆ ಅಚ್ಚುಕಟ್ಟಾಗಿ ಕೂತಿದ್ದವು. ಎಂಥ ಅಚ್ಚುಕಟ್ಟು! ಒಂದು ಸಂದಿಲ್ಲ, ಒಂದು ಬಿರುಕಿಲ್ಲ. ಅಂಥ ಕೆಲಸವನ್ನು ಈ ಸೀಮೆಯಲ್ಲಿ ಒಬ್ಬನೇ ಒಬ್ಬ ಮಾಡಬಲ್ಲವನಿದ್ದ. ಅವನ ಕನ್ನಡಕ ಈಗ ಮೂಗಿನ ತುದಿಗೆ ಜಾರುತ್ತಿತ್ತು.

ಒಂದು ಚೂರು ಮಾತ್ರ ಉಳಿದಿತ್ತು. ಕಂಪ್ಯೂಟರಿನಲ್ಲಿ ಬೇಡದ ಫೈಲು ಎಸೆಯುವ ಕಸದ ಬುಟ್ಟಿ ಇರುತ್ತದಲ್ಲ, ಆ ಬುಟ್ಟಿಯ ತಳಕ್ಕೆ ಅಂಟಿಕೊಂಡಿದ್ದ ಹೆಸರಿನ ಚೂರು. 'ಕೊಕ್ಕರೆ'. ಬುಟ್ಟಿ ಯಾರದು ಎಂಬುದೂ ಅದರ ಜೊತೆಗೇ ಇತ್ತು: ಸೊಸೆಯ ಹೆಸರಿನಲ್ಲಿ ತೆರೆದದ್ದು. ಹಾಕಿದ ದಿನ, ಕಂಪ್ಯೂಟರು ರಿಪೇರಿಗೆ ಬಂದ ದಿನದ ಹಿಂದಿನ ದಿನ.

ಡಾಕ್ಟರು ಕನ್ನಡಕ ಮೇಲಕ್ಕೆ ತಳ್ಳಿ ಆ ತಾರೀಖನ್ನು ಮತ್ತೊಮ್ಮೆ ಓದಿದರು.

ಆ ಬುಟ್ಟಿ ಅವರಿಗೆ ಚೆನ್ನಾಗಿ ನೆನಪಿತ್ತು. ತುಂಬಿ ತುಳುಕುತ್ತಿತ್ತು. ಒಂದೇ ಒತ್ತಿಗೆ ಅದನ್ನು ಬರಿದು ಮಾಡಿ, ಆಮೇಲೆ ಡಿಸ್ಕನ್ನು ಚೂರು ಜೋಡಿಸುವ ಕೆಲಸಕ್ಕೂ ಹಚ್ಚಿ, 'ಈಗ ಇದರೊಳಗೆ ಒಂದು ಹಳೇ ಸಾಸಿವೆ ಕಾಳು ಉಳಿದಿದ್ರೆ ನನ್ನ ಹೆಸರು ಬದಲಾಯಿಸ್ಕೋತೀನಿ' ಎಂದು ಏಣಿ ಕೇಳಲು ಬಂದವನ ಹತ್ತಿರ ಹೇಳಿದ್ದರು.

ಖಾಲಿ ಗೂಡು ಎಂದುಕೊಂಡು ಬೇರೆ ದಾರ ಸುತ್ತಿದ ಆ ಅವಿವೇಕಿ ಸ್ವತಃ ಅವರೇ.

ಹೇಳಿಬಿಡಬೇಕಿತ್ತು. ಆಗಲೇ, ಆ ಗಳಿಗೆಯಲ್ಲೇ. ಆದರೆ ಕೋಣೆಯ ಎಂಟು ಕಣ್ಣುಗಳು ಅವರ ಮೇಲಿದ್ದವು. ಸಮುದ್ರದ ತಳದ ಡಿಸ್ಕಿನ ಕಥೆ ಇನ್ನೂ ಗಾಳಿಯಲ್ಲಿ ತೇಲುತ್ತಿತ್ತು. ಡಾಕ್ಟರ ತಲೆ ಮಿಂಚಿನ ಹಾಗೆ ಓಡಿತು. ಬುಟ್ಟಿಗೆ ಎಸೆದವರದ್ದು ತಪ್ಪೋ, ಬುಟ್ಟಿ ಗುಡಿಸಿದವನದ್ದೋ? ಕಸ ಎಂದು ಎಸೆದ ಮೇಲೆ ಅದು ಕಸವೇ. ಗುಡಿಸುವುದು ಧರ್ಮ. ಅಮ್ಮ ಕೇಳಿದ್ದೂ ಅಷ್ಟೇ ತಾನೇ, ಅಳಿಸಿದವರು ಯಾರು ಅಂತ?

"ಸಿಕ್ಕಿತು," ಎಂದರು ಡಾಕ್ಟರು. ದನಿ ತಾವಂದುಕೊಂಡದ್ದಕ್ಕಿಂತ ಸಣ್ಣಗೆ ಬಂತು. ಗಂಟಲು ಸರಿಮಾಡಿಕೊಂಡು ಮತ್ತೆ ಗುಡುಗಿದರು. "ಸಿಕ್ಕಿತು!"

"ಕೊಕ್ಕರೆಯಾ?" ಸೊಸೆ ಎರಡು ಹೆಜ್ಜೆ ಮುಂದೆ ಬಂದಳು. ಅವಳ ಮುಖ ದೀಪ ಹಚ್ಚಿದ ಹಾಗಿತ್ತು.

"ಕೊಕ್ಕರೆ ಸತ್ತಿದೆ. ಕೊಂದವರು ಸಿಕ್ಕಿದ್ದಾರೆ." ಡಾಕ್ಟರು ಲ್ಯಾಪ್‌ಟಾಪನ್ನು ಅಮ್ಮನ ಕಡೆಗೆ ತಿರುಗಿಸಿದರು. "ಇದು ಕಂಪ್ಯೂಟರಿನ ಕಸದ ಬುಟ್ಟಿ. ಇದು ಫೈಲಿನ ಹೆಸರು. ಇದು ಎಸೆದವರ ಹೆಸರು. ಓದ್ಕೊಳ್ಳಿ."

ಅಮ್ಮ ಓದಲಿಲ್ಲ. ಓದುವ ಅಗತ್ಯ ಅವರಿಗಿದ್ದ ಹಾಗೆ ಕಾಣಲಿಲ್ಲ. ಅಳಿಯ ಬಗ್ಗಿ ಓದಿದ. ಓದಿ ಹುಬ್ಬೇರಿಸಿದ.

"ತಂಗೀ," ಎಂದ, "ನೀನೇನಾ?"

"ಹೌದು ಅಣ್ಣಾ," ಎಂದಳು ಸೊಸೆ. "ಬುಟ್ಟಿಗೆ ಹಾಕಿದ್ದು ನಾನೇ."

ಹೆಂಡತಿಯ ಕೈಯ ಟಾರ್ಚು ತಾನಾಗಿಯೇ ಕೆಳಗಿಳಿಯಿತು. ಅಮ್ಮ ಮೇಜಿನ ಮೇಲೆ ಕೈ ಚಾಚಿ ಬೀಗದ ಕೈ ಎತ್ತಿಕೊಂಡರು.

"ಅಳಿಯಂದಿರೇ, ತಗೊಳ್ಳಿ."

"ಅತ್ತೆ, ಒಂದು ನಿಮಿಷ." ಸೊಸೆಯ ದನಿ ಏರಲಿಲ್ಲ. ಅದು ಏರದೇ ಇದ್ದದ್ದೇ ಡಾಕ್ಟರಿಗೆ ಭಯ ಹುಟ್ಟಿಸಿತು. "ಬೀಗದ ಕೈ ಯಾರಿಗೆ ಬೇಕಾದ್ರೂ ಕೊಡಿ. ನಿಮ್ಮ ಕಾರ್ಖಾನೆ. ಆದ್ರೆ ನಾನು ಕಳ್ಳಿ ಅನ್ನಿಸ್ಕೊಂಡು ಈ ಕೋಣೆಯಿಂದ ಹೋಗಲ್ಲ. ಡಾಕ್ಟ್ರೇ, ನಿಮಗೊಂದು ವಿಷಯ ತೋರಿಸ್ಲಾ?"

ಅವಳು ಮೂಲೆಗೆ ಹೋದಳು. ಅಲ್ಲಿ ಬೆತ್ತದ ಬುಟ್ಟಿಗಳ ಸಾಲು. ಹೊಲಿದು ಉಳಿದ ಚೂರುಬಟ್ಟೆ ತುಂಬಿದವು. ಒಂದರೊಳಗೆ ಮೊಣಕೈವರೆಗೆ ಕೈ ಇಳಿಸಿ, ತಳದಿಂದ ಸುರುಳಿ ಸುತ್ತಿದ ಕಾಗದವೊಂದನ್ನು ಎಳೆದಳು. ಬಿಡಿಸಿ ಮೇಜಿನ ಮೇಲೆ ಹಾಸಿದಳು. ಅಮ್ಮನೇ ಬರೆದ ದೊಡ್ಡ ಬಳ್ಳಿ, ಅಂಚಿನಲ್ಲಿ ಗಂಟೆಹೂಗಳು. ಈ ಕಾರ್ಖಾನೆಗೆ ಹೆಸರು ತಂದ ಚಿತ್ರ ಅದೇ.

"ಅಸಲು," ಎಂದಳು. "ಪೆಟ್ಟಿಗೆಯಲ್ಲಿಲ್ಲ, ಬೀರುವಿನಲ್ಲಿಲ್ಲ. ಚೂರುಬಟ್ಟೆ ಬುಟ್ಟಿಯಲ್ಲಿ. ನಾನು ಈ ಮನೆಗೆ ಬಂದ ಹೊಸದರಲ್ಲಿ ಅತ್ತೆ ಹೇಳಿಕೊಟ್ಟ ಮೊದಲ ಪಾಠ ಇದು. 'ಕಳ್ಳ ಬಂದ್ರೆ ಬೀರು ಒಡೀತಾನೆ ಹೊರತು ಕಸ ಕೆದಕಲ್ಲ. ಪ್ರಾಣಕ್ಕಿಂತ ಹೆಚ್ಚಿನ ಚಿತ್ರ ಇದ್ರೆ ಬುಟ್ಟಿಯ ತಳಕ್ಕೆ ಹಾಕು.' ಅಲ್ವಾ ಅತ್ತೆ?"

ಅಮ್ಮ ಬಳ್ಳಿಯ ಮೇಲಿಂದ ಕಣ್ಣು ತೆಗೆದರು. ಬೀಗದ ಕೈ ಇನ್ನೂ ಅವರ ಬೆರಳುಗಳಲ್ಲೇ ನೇತಾಡುತ್ತಿತ್ತು.

"ಅಣ್ಣ ಫೈಲು ಹುಡುಕ್ತಿದ್ರು. ಗಿರಾಕಿಗಳ ಕಣ್ಣಿಗೆ ಬಿದ್ದ ಚಿತ್ರ ಮಾರನೇ ದಿನ ಇನ್ನೊಬ್ಬರ ಮಷೀನಿನಲ್ಲಿರುತ್ತೆ, ಅದೂ ಈ ಮನೆಯಲ್ಲೇ ಕಲಿತದ್ದು. ಅದಕ್ಕೇ ದಿನಾ ಸಂಜೆ ಕೊಕ್ಕರೆನ ಕಂಪ್ಯೂಟರಿನ ಬುಟ್ಟಿಗೆ ಹಾಕ್ತಿದ್ದೆ. ದಿನಾ ಬೆಳಿಗ್ಗೆ ಈಚೆ ತೆಗೆದು ಹೊಲೀತಿದ್ದೆ. ಆವತ್ತು ಬೆಳಿಗ್ಗೆ ಪರದೆಯ ಅಳತೆಗೆ ಅಂತ ಅತ್ತೆ ನನ್ನನ್ನ ನಾಟಕಮಂದಿರಕ್ಕೆ ಕಳಿಸಿದ್ರು. ಬರೋದ್ರೊಳಗೆ ಕಂಪ್ಯೂಟರು ನಿಮ್ಮ ಅಂಗಡಿ ಸೇರಿತ್ತು."

ಡಾಕ್ಟರಿಗೆ ಈ ಕೋಣೆ ಇದ್ದಕ್ಕಿದ್ದ ಹಾಗೆ ಬಹಳ ಸೆಖೆ ಅನ್ನಿಸಿತು.

"ಇದನ್ನ ಮೊದಲೇ ಯಾಕೆ ಹೇಳ್ಲಿಲ್ಲಮ್ಮಾ?" ಎಂದಳು ಹೆಂಡತಿ.

"ಕಸದ ಬುಟ್ಟಿಗೆ ನಾನೇ ಹಾಕಿದೆ ಅಂದಿದ್ರೆ ಯಾರು ನಂಬ್ತಿದ್ರು ಅಕ್ಕಾ? ಬುಟ್ಟಿ ಖಾಲಿ ಮಾಡಿದವರೇ ಬಾಯಿ ಬಿಡ್ಲಿ ಅಂತ ಕಾದೆ. ಬುಟ್ಟಿಗೆ ಹಾಕಿದ್ರೆ ಹೋಗಲ್ಲ. ಖಾಲಿ ಮಾಡಿದ್ರೆ ಹೋಗುತ್ತೆ." ಅವಳು ನೇರವಾಗಿ ಡಾಕ್ಟರತ್ತ ತಿರುಗಿದಳು. "ಹಾಕಿದವಳು ಒಪ್ಕೊಂಡಾಯ್ತು. ಈಗ ಹೇಳಿ ಡಾಕ್ಟ್ರೇ. ಖಾಲಿ ಮಾಡಿದವರು ಯಾರು?"

ಡಿಸ್ಕು ಗರಗರ ನಿಲ್ಲಿಸಿತ್ತು. 

ಡಾಕ್ಟರ ನಾಲಿಗೆಯ ಮೇಲೆ ಏಳೆಂಟು ಸುಳ್ಳುಗಳು ಸಾಲುಗಟ್ಟಿ ನಿಂತವು, ಒಂದಕ್ಕಿಂತ ಒಂದು ಚೆಂದ. ಕಂಪ್ಯೂಟರು ಮುಪ್ಪಿನಿಂದ ತಾನೇ ಖಾಲಿ ಮಾಡಿಕೊಂಡಿತು. ಕರೆಂಟು ಹೋಗಿ ಬಂದಾಗ ಹೀಗಾಗುತ್ತದೆ. ದೂರದೇಶದ ಕಳ್ಳನೊಬ್ಬ ತಂತಿಯ ಮೂಲಕ ನುಗ್ಗಿದ್ದಾನೆ, ಅವನ ಜೊತೆ ತಾನು ಒಂದು ಹಗಲು ಒಂದು ರಾತ್ರಿ ಹೋರಾಡಿದ್ದೇನೆ. ಆ ಕೊನೆಯದು ಅಂಥಿಂಥ ಸುಳ್ಳಲ್ಲ; ಮುತ್ತಿನಂಥದ್ದು.

ಅವರು ಹೆಂಡತಿಯ ಕಡೆ ನೋಡಿದರು. ಅವಳು ಈ ಸಲ ಸೋಸಲು ಬಾಯಿ ತೆರೆಯಲಿಲ್ಲ. ಸುಮ್ಮನೆ ನೋಡಿದಳು.

"ನಾನು," ಎಂದರು ಡಾಕ್ಟರು.

"ಜೋರಾಗಿ ಹೇಳಿ," ಎಂದಳು ಸೊಸೆ.

"ನಾನೇ ಖಾಲಿ ಮಾಡಿದ್ದು. ಖಾಲಿ ಮಾಡಿ ಚೂರು ಜೋಡಿಸಿದ್ದೂ ನಾನೇ. ಹಾಗಾಗಿಯೇ ಕೊಕ್ಕರೆ ವಾಪಸ್ ಬರ್ತಿಲ್ಲ. ಈಗ ಹೆಸರು ನೋಡಿದಾಗಲೇ ಗೊತ್ತಾಯ್ತು. ಗೊತ್ತಾದ ಮೇಲೂ ನಿಮ್ಮ ಹೆಸರು ಹೇಳ್ದೆ."

ಅಳಿಯ ದೊಡ್ಡದಾಗಿ ನಕ್ಕ. "ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯ್ತಲ್ರೀ! ಕಳ್ಳನನ್ನ ಹಿಡಿಯೋಕೆ ಕಳ್ಳನನ್ನೇ ಕರೆಸಿದ್ವಾ?"

"ಹೋಗ್ಲಿ ಬಿಡಿ," ಎಂದರು ಅಮ್ಮ.

ಎಲ್ಲರೂ ತಿರುಗಿ ನೋಡಿದರು. ಒಂದು ಎಳೆ ದಾರ ಕಳೆದರೆ ಕಾರ್ಖಾನೆ ತಲೆಕೆಳಗು ಮಾಡುವ ಅಮ್ಮ, ಹೋಗ್ಲಿ ಬಿಡಿ ಎಂದಿದ್ದರು.

"ಗೊತ್ತಿಲ್ಲದೆ ಆಗಿದೆ. ಅವನನ್ನ ಬೈದು ಏನು ಫಲ? ಪರದೆಗೆ ನನ್ನ ಬಳ್ಳಿ ಹಾಕಿ ಕೊಡೋಣ. ಬೀಗದ ಕೈ ಸೊಸೆಯೇ ಇಟ್ಕೊಳ್ಲಿ. ನೀನು ಹೊರಡಪ್ಪಾ."

ಡಾಕ್ಟರಿಗೆ ಇದಕ್ಕಿಂತ ಒಳ್ಳೆಯ ಬಾಗಿಲು ಯಾರು ತೆರೆದಾರು? ಮೀಸೆ ಮಣ್ಣಾಗದೆ ಎದ್ದು ಹೋಗಬಹುದಿತ್ತು. ಅವರು ತಂತಿ ಸುತ್ತತೊಡಗಿದರು.

ಸೊಸೆ ಬೀಗದ ಕೈಗೆ ಕೈ ಚಾಚಲಿಲ್ಲ.

"ಡಾಕ್ಟ್ರೇ, ಇನ್ನೊಂದೇ ಮಾತು. ರಿಪೇರಿಗೆ ಬಂದ ಕಂಪ್ಯೂಟರಿನ ಬುಟ್ಟಿ ಯಾರನ್ನ ಕೇಳಿ ಖಾಲಿ ಮಾಡಿದ್ರಿ?"

"ಯಾರನ್ನ ಕೇಳ್ಬೇಕು?" ಡಾಕ್ಟರ ಬಾಯಿ ಅಭ್ಯಾಸಬಲದಿಂದ ಓಡಿತು. "ಮುಖ ನೋಡಿದ ಕೂಡಲೇ ನನಗೆ ಹೊಳೀತು..."

ಓಡಿದ ಬಾಯಿ ಅಲ್ಲಿಗೇ ನಿಂತುಬಿಟ್ಟಿತು.

ಹೊಳೆದಿತ್ತೇ? ಈ ಮಾತನ್ನು ಅವರು ಪಕ್ಕದ ಅಂಗಡಿಯವನಿಗೆ ಹೇಳಿದ್ದರು, ಹಾಲಿನವನಿಗೆ ಹೇಳಿದ್ದರು, ಹೆಂಡತಿಗೆ ಊಟದ ಮಧ್ಯೆ ಎರಡು ಸಲ ಹೇಳಿದ್ದರು. ಹೇಳಿ ಹೇಳಿ ಅದು ಪಾಲಿಶ್ ಏರಿಸಿಕೊಂಡು ಎಷ್ಟು ಹೊಳೆಯುತ್ತಿತ್ತೆಂದರೆ, ಅದರ ಅಡಿಯಲ್ಲಿ ಏನಿತ್ತೆಂದು ಅವರಿಗೇ ಮರೆತುಹೋಗಿತ್ತು. ಈಗ ಆ ಹುಡುಗಿ ಕಣ್ಣಲ್ಲಿ ಕಣ್ಣಿಟ್ಟು ಕೇಳಿದಾಗ ಪಾಲಿಶ್ ಎದ್ದು ಬಂತು. ಅಂಗಡಿ ಕಂಡಿತು. ಒಂದು ಕೈಯಲ್ಲಿ ಧೂಳು ಹೊಡೆಯುವ ಬ್ರಷ್ಷು. ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡ ಫೋನು.

ಅವರ ಕೈಯಿಂದ ತಂತಿ ಜಾರಿತು.

"ರೀ," ಎಂದಳು ಹೆಂಡತಿ. "ಏನಾಯ್ತು?"

"ಸಾಕು, ಹೊರಡಪ್ಪಾ," ಎಂದರು ಅಮ್ಮ. "ಆಯ್ತಲ್ಲ."

"ಇಲ್ಲ ಅಮ್ಮಾ, ಹೊರಟ್ರೆ ಬೀದಿ ತಿರುವಿಗೆ ಹೋಗೋದ್ರೊಳಗೆ ನಾನು ಇದಕ್ಕೂ ಒಂದು ಚೆಂದದ ಕಥೆ ಕಟ್ಬಿಡ್ತೀನಿ." ಡಾಕ್ಟರು ಮತ್ತೆ ನೆಲದ ಮೇಲೆ ಕೂತರು. ಈ ಸಲದ ಮಾತು ಎದ್ದು ನಿಂತು ಆಡುವಂಥದ್ದಾಗಿರಲಿಲ್ಲ. "ನನಗೆ ಏನೂ ಹೊಳೀಲಿಲ್ಲ. ಡಿಸ್ಕಿನ ನಾಡಿಯೂ ಹಿಡೀಲಿಲ್ಲ. ಫ್ಯಾನಿನ ಧೂಳು ಹೊಡೆದು ಕಳಿಸೋನಿದ್ದೆ, ಎಲ್ಲರ ಹಾಗೆ. ಅಷ್ಟರಲ್ಲಿ ಫೋನು ಬಂತು. 'ಕಂಪ್ಯೂಟರಿನ ಕಸದ ಬುಟ್ಟಿ ಪೂರ್ತಿ ಖಾಲಿ ಮಾಡು. ಆಮೇಲೆ ಚೂರುಗಳನ್ನ ಜೋಡಿಸು. ಬರೀ ಖಾಲಿ ಮಾಡಿದ್ರೆ ಸಾಲದು, ಜೋಡಿಸಲೇಬೇಕು.' ಇಷ್ಟು ಹೇಳಿ ಇಟ್ಬಿಟ್ರು. ಆಗ ನನಗೆ ಅರ್ಥವಾಗ್ಲಿಲ್ಲ, ಬರೀ ಹೆಮ್ಮೆಯಾಯ್ತು. ಒಳ್ಳೇ ಉಪಾಯ, ನಂದೇ ಅಂತ ಹೇಳ್ಕೊಂಡ್ರೆ ಯಾರಿಗೆ ಗೊತ್ತಾಗುತ್ತೆ ಅಂದ್ಕೊಂಡೆ. ನಂದೇ ಅಂತ ಹೇಳ್ಕೊಂಡೆ."

"ಫೋನು ಮಾಡಿದವರು ಯಾರ್ರೀ?" ಎಂದ ಅಳಿಯ. ಅವನ ನಗು ಇಂಗಿತ್ತು.

ಡಾಕ್ಟರು ತಲೆ ಎತ್ತಿದರು. ಜೀವಮಾನದಲ್ಲಿ ಮೊದಲ ಸಲ ಅವರ ಮಾತಿನಲ್ಲಿ ಒಂದು ಉಪ್ಪಿನ ಹರಳೂ ಹೆಚ್ಚಿರಲಿಲ್ಲ.

"ನೀವೇ ಅಮ್ಮಾ. ಫೋನು ಮಾಡಿದ್ದು ನೀವೇ."